ಮಾಲ್‌ನೊಳಗಿನ ಮೊಗಸಾಲೆ

ಕಳೆದ ಶನಿವಾರ ಶಿಕಾಗೋ ಪಕ್ಕದ ಸ್ಕೋಕಿಯ ಮಾಲ್‌ನಲ್ಲಿ ಎಸ್ಕಲೇಟರ್ ಹತ್ತಿದ್ದೆ. ಮುಂದಿನ ಮೆಟ್ಟಿಲ ಮೇಲೆ ನಿಂತಿದ್ದ ಅಜ್ಜಿಯೊಬ್ಬರ ಶಾಲಿನಿಂದ ನೋವಿನ ಬಾಮಿನ ವಾಸನೆ ಬಂತು. ಕೆಳಗೆ ಯಾವುದೋ ಅಂಗಡಿಯಲ್ಲಿ ಚಕ್ಕೆಪುಡಿ ಹಾಕಿದ ಬನ್ನು ಬೇಯುತ್ತಿತ್ತು. ಆ ಬಾಮು, ಆ ಚಕ್ಕೆ, ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ಮೇಲೆ ಹೋದವಳೇ ಸಿಕ್ಕ ಬೆಂಚಿನ ಮೇಲೆ ಕೂತುಬಿಟ್ಟೆ. ಹಿಂದೆಯೇ ಬಂದ ನನ್ನ ಗಂಡ, "ಏನಾಯ್ತೇ, ತಲೆ ಸುತ್ತುತ್ತಾ?" ಎಂದರು. "ಏನಿಲ್ಲ, ಸುಮ್ನಿರಿ ನೀವು" ಎಂದು ಗದರಿದೆ. ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ಹುಟ್ಟುಗುಣ, ಏನು ಮಾಡಲಿ!

ಅದು ಮಾಸ್ತರರ ವಾಸನೆ. ಐದು ವರ್ಷದಿಂದ ನಾನು ಯಾವ ಮಾಲ್‌ಗೂ ಬೆಳಗಿನ ಹೊತ್ತು ಹೋಗಿಲ್ಲ. ಅವತ್ತು ಗಂಡನಿಗೆ ಬೂಟು ಬೇಕಿತ್ತು, ಆ ನೇಮ ಮರೆತು ಬೆಳಿಗ್ಗೆಯೇ ಹೋಗಿಬಿಟ್ಟೆ.

ಆಗ ನಾವು ಮಿಶಿಗನ್‌ನಲ್ಲಿದ್ದೆವು. ಡಿಯರ್‌ಬಾರ್ನ್‌ಗೂ ಆನ್ ಆರ್ಬರ್‌ಗೂ ನಡುವಿನ ಒಂದು ಬಡಾವಣೆ. ನಾನು ಡಿಯರ್‌ಬಾರ್ನ್ ಕಡೆ ಕಾರಿನ ಬ್ರೇಕು ಪರೀಕ್ಷಿಸುವ ಕೆಲಸದಲ್ಲಿದ್ದೆ. ಆ ಚಳಿಗಾಲದಲ್ಲಿ ನಮ್ಮ ಮನೆಯ ಮುಂದೆಯೇ ಐಸಿನ ಮೇಲೆ ಜಾರಿ ಬಿದ್ದು ಮಂಡಿಯ ಆಪರೇಷನ್ ಆಗಿ ರಜೆಯಲ್ಲಿದ್ದೆ. ದಿನಾ ಎರಡು ಮೈಲಿ ಸಮತಟ್ಟಾದ ಜಾಗದಲ್ಲಿ ನಡೀಬೇಕು ಎಂದು ಫಿಸಿಯೋ ಹುಡುಗಿ ತಾಕೀತು ಮಾಡಿದ್ದಳು. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ರಸ್ತೆಯೆಲ್ಲ ಗಾಜು. ಹಾಗಾಗಿ ಮಾಲ್. ಅಂಗಡಿಗಳು ತೆರೆಯುವುದು ಹತ್ತಕ್ಕಾದರೂ ನಡೆಯುವವರಿಗಾಗಿ ಏಳಕ್ಕೇ ಬಾಗಿಲು ತೆಗೆಯುತ್ತಿದ್ದರು. ಮಂಡಿಯವರು, ಸಕ್ಕರೆಯವರು, ಹೃದಯದವರು, ಎಲ್ಲ ಊರಿನ ಮುದುಕರೂ ಅಲ್ಲಿ ಸುತ್ತುತ್ತಿದ್ದರು.

ಪಕ್ಕದ ಮನೆಯಲ್ಲಿ ಗದಗದ ಕಡೆಯ ಗಂಡ ಹೆಂಡತಿ. ಅವಳು ಆನ್ ಆರ್ಬರ್‌ನ ವಿಶ್ವವಿದ್ಯಾಲಯದ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಿದ್ದಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಚೊಚ್ಚಲ ಬಸುರಿ. ಗಂಡ ವಾರವೆಲ್ಲ ಕೆಂಟಕಿಯ ಕಾರ್ಖಾನೆಯಲ್ಲಿದ್ದು ಶುಕ್ರವಾರ ಬರುತ್ತಿದ್ದ. ಅವಳ ತಾಯಿ ತೀರಿಹೋಗಿ ಎರಡು ವರ್ಷವಾಗಿತ್ತು. ಬಾಣಂತನಕ್ಕೆಂದು ಬಂದವರು ತಂದೆ.

ತಂದೆ ಬಾಣಂತನ ಮಾಡಲು ಬಂದಿದ್ದಾರೆ ಎಂದಾಗ ನಮ್ಮವರೆಲ್ಲ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಆಮೇಲೆ ಅವರ ನೋಟ್‌ಬುಕ್ ನೋಡಿದೆ. ಊರಿನ ಓಣಿಯ ಹೆಂಗಸರನ್ನೆಲ್ಲ ಕೇಳಿ ಕೇಳಿ ಬರೆದುಕೊಂಡು ಬಂದಿದ್ದರು. ಅಂಟಿನ ಉಂಡಿಗೆ ಎಷ್ಟು ಉತ್ತತ್ತಿ, ಎಷ್ಟು ಕೊಬ್ಬರಿ, ಐದನೆಯ ದಿನ ಏನು ಊಟ, ಕೂಸಿಗೆ ಎಣ್ಣೆ ಹಚ್ಚುವಾಗ ಕೈ ಯಾವ ಕಡೆಯಿಂದ ಯಾವ ಕಡೆಗೆ... ಎಲ್ಲದಕ್ಕೂ ಶೀರ್ಷಿಕೆ, ಉಪಶೀರ್ಷಿಕೆ, ಕೆಂಪು ಇಂಕಿನ ಅಡಿಗೆರೆ. ಮೂವತ್ತು ಚಿಲ್ಲರೆ ವರ್ಷ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿದವರ ಕೈಬರಹ. ಅದರಲ್ಲೂ ಗ್ರೀಕರ ಪೇಪರು ಅವರ ಪ್ರಾಣ. ಕೊನೆಕೊನೆಗೆ ಕ್ಲಾಸಿನಲ್ಲಿ ನಾಲ್ಕೇ ಹುಡುಗರಿದ್ದರಂತೆ. ಅದರಾಗ ಇಬ್ಬರು ಫ್ಯಾನಿನ ಗಾಳಿಗೆ ಬರತಿದ್ರು ಎಂದು ಅವರೇ ಹೇಳಿ ನಗುತ್ತಿದ್ದರು.

ನನ್ನ ಜೊತೆ ಮಾಲ್‌ನಲ್ಲಿ ನಡೆಯಲು ಅವರನ್ನೂ ಕರೆದೆ. ಮೊದಲ ದಿನ ಕಾರಿನಲ್ಲಿ ಕೂರಿಸಿಕೊಂಡು, "ಅಂಕಲ್, ಬೆಲ್ಟ್ ಹಾಕ್ಕೊಳ್ಳಿ" ಎಂದೆ.

"ಅಂಕಲ್ ಅನಬ್ಯಾಡ್ರಿ ಬಾಯಾರ, ಮೈಮ್ಯಾಲ ಇರುವಿ ಹರದಂಗಾಕ್ಕೈತಿ. ಮಾಸ್ತರ ಅನ್ರಿ."

ಒಂದು ವಾರದಲ್ಲಿ ನಾನು ಬಾಯಾರ ಹೋಗಿ ತಂಗಿ ಆದೆ.

ಅವರಿಗೆ ಆ ಮಾಲ್ ಅಥೆನ್ಸ್ ಆಗಿಬಿಟ್ಟಿತು. ಪಡುವಣ ಬಾಗಿಲ ಒಳಗೆ ಎಂಟು ದಪ್ಪ ಕಂಬಗಳಿದ್ದವು. ಶಾಲೆಯ ಮಕ್ಕಳು ಬಂದು ಅವುಗಳ ಮೇಲೆ ಮೀನು, ಹಡಗು, ಸೂರ್ಯ ಎಂದು ಏನೇನೋ ಬಣ್ಣ ಬಳಿದಿದ್ದರು. ಮಾಸ್ತರರು ಅದನ್ನು ಕಂಡವರೇ ಕೈಮುಗಿದರು. ಅಥೆನ್ಸಿನಲ್ಲೂ ಬಣ್ಣದ ಮೊಗಸಾಲೆಯೊಂದು ಇತ್ತಂತೆ. ಹಡಗು ಮುಳುಗಿ ಸರಕೆಲ್ಲ ಕಳೆದುಕೊಂಡ ವ್ಯಾಪಾರಿಯೊಬ್ಬ ಅಲ್ಲಿ ನಿಂತು ಪಾಠ ಶುರು ಮಾಡಿದನಂತೆ. ಯಾವುದು ನಿನ್ನ ಕೈಯಲ್ಲಿದೆ, ಯಾವುದು ಇಲ್ಲ, ಮೊದಲು ಅದನ್ನು ಬೇರೆ ಮಾಡು ಎಂಬುದೇ ಪಾಠ. ಅದನ್ನೇ ಮುಂದೆ ಒಬ್ಬ ಗುಲಾಮ ಕಲಿತ, ಒಬ್ಬ ಚಕ್ರವರ್ತಿಯೂ ಕಲಿತ. ಬೆಳಿಗ್ಗೆಯೇ ಚಕ್ಕೆಯ ಬನ್ನು ಬೇಯುತ್ತಿದ್ದ ಫುಡ್ ಕೋರ್ಟಿನ ಪ್ಲಾಸ್ಟಿಕ್ ಗಿಡಗಳ ನಡುವಿನ ಜಾಗ, ತೋಟದಲ್ಲಿ ಕೂತು ಪಾಠ ಹೇಳಿದ ಇನ್ನೊಂದು ಪಂಥದವರದು. ಹೆಂಗಸರನ್ನೂ ಗುಲಾಮರನ್ನೂ ಒಳಗೆ ಬಿಟ್ಟುಕೊಂಡವರು, ಗೆಳೆಯರ ಜೊತೆ ರೊಟ್ಟಿ ತಿಂದು ಹೆದರಿಕೆಯಿಲ್ಲದೆ ಬದುಕಿದರೆ ಸಾಕು ಎಂದವರು. ಮುಚ್ಚಿಹೋದ ಪುಸ್ತಕದಂಗಡಿಯ ಮುಂದೆ ಬಂದರೆ ಅದು ಅಕಾಡೆಮಿ. ಅಲ್ಲಿ ಲೆಕ್ಕ ಬರದವರಿಗೆ ಪ್ರವೇಶವಿಲ್ಲವಂತೆ, ನಾನು ಇಂಜಿನಿಯರ್ ಎಂದು ರಿಯಾಯಿತಿ. ಇನ್ನು ನಾವು ಸುತ್ತುತ್ತಿದ್ದುದೇ ನಡೆದಾಡುತ್ತ ಪಾಠ ಹೇಳುತ್ತಿದ್ದವರ ಶಾಲೆ.

ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಕೇಳಿದರೆ, "ಹೆಸರು ಬಾಯಿಪಾಠ ಮಾಡಿ ನನ್ನ ಹುಡುಗರು ಪಾಸಾದ್ರು. ಏನೂ ಕಲೀಲಿಲ್ಲ. ನಿನಗ ಹೆಸರು ಹೇಳಾಂಗಿಲ್ಲ" ಎನ್ನುತ್ತಿದ್ದರು. ನಾನು ಮನೆಗೆ ಬಂದು ಫೋನಿನಲ್ಲಿ ಹುಡುಕಿ, ಓಹೋ ಇವರೇ ಸ್ಟೋಯಿಕರು ಎಂದು ಕಂಡುಕೊಳ್ಳುತ್ತಿದ್ದೆ.

ನನಗೆ ಇಷ್ಟವಾದದ್ದು ನಾಯಿಗಳ ಪಂಥ. ಊರ ಮಧ್ಯೆ ದೊಡ್ಡ ಗುಡಾಣದಲ್ಲಿ ಮಲಗಿ, ರಾಜ ಬಂದರೆ ಬಿಸಿಲಿಗೆ ಅಡ್ಡ ನಿಲ್ಲಬೇಡ ಎಂದು ಬೈದವನ ಪಂಥ. "ನಿನ್ನ ಬಾಯಿಗೆ ಅದೇ ಸರಿ" ಎಂದರು ಮಾಸ್ತರರು. ಒಮ್ಮೆ ನಮ್ಮ ಆಫೀಸಿನವರು ಮನಃಸ್ಥೈರ್ಯದ ಟ್ರೈನಿಂಗ್ ಎಂದು ಕಳಿಸಿದ ಇಮೇಲ್ ತೋರಿಸಿದೆ. ನಿಮ್ಮ ಹಿಡಿತದಲ್ಲಿರುವುದರ ಮೇಲೆ ಗಮನವಿಡಿ ಎಂದು ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಒಂದು ಕಾಫಿ ಮಗ್ಗಿನ ಚಿತ್ರ. ಅವರಿಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. "ಎರಡು ಸಾವಿರ ವರ್ಷ ಬದುಕಿ ಕಡೀಕ ಮಗ್ಗಿನ ಮ್ಯಾಲ ಬಂದು ಕುಂತ್ರಲ್ಲವಾ ನಮ್ಮ ಮೊಗಸಾಲ್ಯಾನವರು!" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಇರಲಿ ಬಿಡು, ಬದುಕಿದ್ರಲ್ಲ" ಎಂದು ತಮಗೆ ತಾವೇ ಅಂದುಕೊಂಡರು.

ಜನವರಿಯ ಮೂರನೆಯ ವಾರವಿರಬೇಕು. ಕಂಬಗಳ ಹತ್ತಿರ ಬರುತ್ತಿದ್ದಂತೆ ಮಾಸ್ತರರು ನಿಂತರು. ಮುಚ್ಚಿದ್ದ ಅಂಗಡಿಯ ಗಾಜಿಗೆ ಒಂದು ಕೈಯೂರಿ ಒಳಗೆ ನೋಡತೊಡಗಿದರು.

"ಬೂಟು ಛಲೋ ಅದಾವ" ಎಂದರು.

ನೋಡಿದರೆ ಹೆಂಗಸರ ಹೈಹೀಲ್ಡ್. "ಯಾರಿಗೆ ಮಾಸ್ತರೇ ಅದು?" ಎಂದು ರೇಗಿಸಿದೆ. ನಗಲಿಲ್ಲ. ಒಂದು ನಿಮಿಷವಾದ ಮೇಲೆ ಎದೆಯ ನಡುವೆ ಬೆರಳಿಟ್ಟು, ಗ್ಯಾಸು ಎಂದರು. ರಾತ್ರಿ ಎಣ್ಣೆಗಾಯಿ ತಿಂದಿದ್ದರಂತೆ.

ನಮ್ಮ ಮನೆಗಳಿಗೆ ಊರಿಂದ ಬರುವ ಅಪ್ಪ ಅಮ್ಮಂದಿರಿಗೆ ಏನೇ ಆದರೂ ಅದು ಗ್ಯಾಸೇ. ಬೆನ್ನು ನೋವು ಗ್ಯಾಸು, ಭುಜ ನೋವು ಗ್ಯಾಸು, ನಿದ್ದೆ ಬರದಿದ್ದರೂ ಗ್ಯಾಸು. ನಾನೂ ಹಾಗೇ ಬೆಳೆದವಳು. ಮರುದಿನ ಫ್ಲಾಸ್ಕಿನಲ್ಲಿ ಓಮದ ನೀರು ಮಾಡಿಕೊಂಡು ಹೋದೆ. ನನ್ನೆದುರಿಗೆ ಕುಡಿದು, ಪಾಪ, ನನ್ನ ಸಮಾಧಾನಕ್ಕೆ ತೇಗಿದರು ಕೂಡ. ರಾತ್ರಿ ಎದೆಗೆ ಬಾಮು ತಿಕ್ಕಿಕೊಂಡು ಬೆಳಿಗ್ಗೆ ಅದೇ ವಾಸನೆಯಲ್ಲಿ ಕಾರು ಹತ್ತುತ್ತಿದ್ದರು. ಶೀತ ಅಂದರು, ನಂಬಿದೆ. ನಾಲ್ಕು ದಿನ ಓಮದ ನೀರು ಕುಡಿಸಿದೆ ನಾನು! ಬ್ರೇಕಿನ ಸದ್ದಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೆ ಗುರುತಿಸುವ ಹೆಂಗಸು. ನೆನೆಸಿಕೊಂಡರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಐದನೆಯ ದಿನ ಫುಡ್ ಕೋರ್ಟಿನ ಹತ್ತಿರ ಕೋಟು ಬಿಚ್ಚತೊಡಗಿದರು. ಹಣೆಯ ಮೇಲೆ ಬೆವರು ಹನಿಹನಿಯಾಗಿ ನಿಂತಿತ್ತು. ಮುಖ ಬೂದಿ. ಎಡಗೈಯನ್ನು ಒದ್ದೆ ಬಟ್ಟೆಯ ಹಾಗೆ ಹಿಂಡುತ್ತಿದ್ದರು. ಪ್ಲಾಸ್ಟಿಕ್ ಗಿಡದ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಆಂಬುಲೆನ್ಸಿಗೆ ಫೋನ್ ತೆಗೆದೆ. ಅವರು ನನ್ನ ಮಣಿಕಟ್ಟು ಹಿಡಿದರು. ಆ ಹಿಡಿತದಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ...

"ತಂಗಿ, ಫೋನ್ ಇಡು. ಮೊದಲ ನಾ ಹೇಳೂದು ಕೇಳು."

"ಏನ್ ಕೇಳೋದು? ಇದು ಗ್ಯಾಸಲ್ಲ ಮಾಸ್ತರೇ. ನನಗೂ ಗೊತ್ತು, ನಿಮಗೂ ಗೊತ್ತು."

"ಗೊತ್ತೈತಿ. ಮಗಳ ಬಿ.ಪಿ. ಏರಿದ್ರ ತಾಯಿಗೂ ಅಪಾಯ, ಕೂಸಿಗೂ ಅಪಾಯ ಅಂತ ಡಾಕ್ಟರು ನನ್ನ ಮುಂದ ಹೇಳ್ಯಾರ. ಅವರವ್ವ ಹೋದಾಗ ಆಕಿ ಇಲ್ಲೇ ಇದ್ಲು, ಮೂರು ದಿನ ನೀರು ಮುಟ್ಟಲಿಲ್ಲ. ಇನ್ನು ಮೂರು ವಾರ. ಹಡೀಲಿ. ಆಮ್ಯಾಲ ನೀ ಎಲ್ಲಿ ಅಂತಿ ಅಲ್ಲಿಗೆ ಬರತೀನಿ."

ಗುಟ್ಟಾಗಿ ತೋರಿಸೋಣ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಒಮ್ಮೆ ಎದೆಗೆ ವೈರು ಹಚ್ಚಿದರೆ ಒಳಗಿಟ್ಟುಕೊಳ್ಳುತ್ತಾರೆ, ರಾತ್ರಿ ಮನೆಗೆ ಬರದಿದ್ದರೆ ಮಗಳಿಗೆ ಏನು ಹೇಳುತ್ತೀ ಎಂದರು. ಅಷ್ಟರಲ್ಲಿ ನೋವೂ ಇಳಿದಿತ್ತು, ಮುಖಕ್ಕೆ ಬಣ್ಣ ಬಂದಿತ್ತು. ದೇವರ ಮೇಲೆ ಆಣೆ ಮಾಡಿಸುವವರಲ್ಲ ಅವರು. "ನಿನ್ನ ಮಾತು ಸಾಕು" ಎಂದರು. ನಾನು ಕೊಟ್ಟೆ.

ಆ ದಿನಗಳನ್ನು ಹೇಗೆ ಕಳೆದೆನೋ! ನಡೆಯುವಾಗ ಅವರ ಉಸಿರು ಕೇಳಲು ಕಿವಿ ನೆಟ್ಟಗಾಗಿರುತ್ತಿತ್ತು. ಕೋಟಿನ ಜೇಬಿನಲ್ಲಿ ಆಸ್ಪಿರಿನ್. ಎರಡು ಮೈಲಿ ಒಂದಾಯಿತು, ಒಂದು ಅರ್ಧವಾಯಿತು, ಆಮೇಲೆ ಕಂಬದ ಬುಡದ ಬೆಂಚಿನಲ್ಲಿ ಕೂತು ಬರುವುದಷ್ಟೇ. ಮನೆಯಲ್ಲಿದ್ದಾಗ ಗಂಟೆಗೊಮ್ಮೆ ಕಿಟಕಿಯಿಂದ ಅವರ ಅಡುಗೆಮನೆ ನೋಡುತ್ತಿದ್ದೆ. ಅವರು ನಿಂತುಕೊಂಡು ಕೊಬ್ಬರಿ ಹೆರೆಯುತ್ತಿದ್ದರೆ ಜೀವ ಬರುತ್ತಿತ್ತು, ಕಾಣದಿದ್ದರೆ ಹೋಗುತ್ತಿತ್ತು. ಗಂಡನ ಮೇಲೆ ರೇಗಾಡಿದೆ. ಅವರಿಗೂ ಹೇಳಿರಲಿಲ್ಲ.

ಒಂದು ಸಂಜೆ ಮಾಸ್ತರರ ಮಗಳು ಮೊಸರು ಕೇಳುವ ನೆಪದಲ್ಲಿ ಬಂದಳು. "ಅಕ್ಕಾ, ಅಪ್ಪ ಯಾಕೋ ಡಲ್ ಅನಸ್ತಾರ. ನಿಮ್ಮ ಮುಂದ ಏನರ ಅಂದ್ರೇನು?"

"ಚಳಿ ಕಣೇ. ನಮ್ಮೂರಿನವರಿಗೆ ಈ ಚಳಿ ಆಗುತ್ತಾ?" ಎಂದೆ. ಮೊಸರಿನ ಡಬ್ಬಿ ತೆಗೆಯಲು ಫ್ರಿಜ್ಜಿನ ಕಡೆ ತಿರುಗಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನನ್ನ ಮುಖ ಅವಳಿಗೆ ಕಾಣುತ್ತಿತ್ತು.

ಎರಡನೆಯ ವಾರದ ಮಂಗಳವಾರ ನನಗೆ ತಡೆಯಲಾಗಲಿಲ್ಲ. ಬೆಂಚಿನ ಮೇಲೆ ಕೂತವರನ್ನು ನಿಂತುಕೊಂಡೇ ತರಾಟೆಗೆ ತೆಗೆದುಕೊಂಡೆ. ಸುತ್ತುತ್ತಿದ್ದ ಮುದುಕರೆಲ್ಲ ತಿರುಗಿ ನೋಡಿದರು. ನೋಡಲಿ! ಕೈಯಲ್ಲಿರೋದನ್ನ ಮಾಡು ಅಂತ ಪಾಠ ಹೇಳ್ತೀರಲ್ಲ, ಆಸ್ಪತ್ರೆಗೆ ಹೋಗೋದು ಯಾರ ಕೈಲಿದೆ, ನನ್ನ ಕೈಲಾ ಎಂದು ಕೇಳಿದೆ. ವಿಷದ ಬಟ್ಟಲು ಕುಡಿದ ಅಥೆನ್ಸಿನ ಮುದುಕ ಯಾರಿಗೂ ಉಪದೇಶ ಮಾಡದೆ ಬರೀ ಪ್ರಶ್ನೆ ಕೇಳಿಯೇ ಎದುರಿನವರನ್ನು ಮೂಲೆಗೆ ತಳ್ಳುತ್ತಿದ್ದನೆಂದು ಅವರೇ ಹೇಳಿದ್ದರು. ಅದನ್ನೇ ಹಿಡಿದೆ.

"ಅವಳಿಗೆ ಗೊತ್ತಾದ್ರೆ ಏನಾಗುತ್ತೆ?"

"ಬಿ.ಪಿ. ಏರತೈತಿ."

"ಆಗ ಅವಳ ಹತ್ರ ಯಾರಿರ್ತಾರೆ?"

"ಡಾಕ್ಟರು ಇರತಾರ."

"ಗೊತ್ತಿಲ್ಲದೇ ಇದ್ದು, ಮಧ್ಯಾಹ್ನ ಅಡುಗೆಮನೇಲಿ ಅವಳೊಬ್ಬಳ ಎದುರಿಗೇ ನೀವು ಬಿದ್ರೆ? ಆಗ ಯಾರಿರ್ತಾರೆ ಮಾಸ್ತರೇ?"

ಅವರು ತಮ್ಮ ಕೈಗಳನ್ನು ನೋಡಿಕೊಂಡರು. ಬೆರಳ ಸಂದಿಯಲ್ಲಿ ಕೊಬ್ಬರಿಯ ಜಿಡ್ಡು ಇನ್ನೂ ಇತ್ತು. ಆಮೇಲೆ, "ನೀ ಪಾಸಾದಿ" ಎಂದರು. ಗುರುವಾರ ಅವಳ ಚೆಕಪ್ ಇದೆ, ಡಾಕ್ಟರು ಏನನ್ನುತ್ತಾರೆ ಕೇಳಿಕೊಂಡು ಶುಕ್ರವಾರ ಅಳಿಯ ಬಂದ ಮೇಲೆ ತಾವೇ ಹೇಳುತ್ತೇನೆ ಎಂದು ಒಪ್ಪಿದರು. ಮೂರೇ ದಿನ. ನಾನು ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಗುರುವಾರ ಬೆಳಿಗ್ಗೆ ಆರೂವರೆಗೆ ಮಗಳ ಫೋನು. ತಲೆ ಸಿಡಿಯುತ್ತಿದೆ, ಕಣ್ಣ ಮುಂದೆ ಮಿಣಮಿಣ ಎನ್ನುತ್ತಿದೆ, ಆಸ್ಪತ್ರೆಯವರು ತಕ್ಷಣ ಬನ್ನಿ ಎಂದಿದ್ದಾರಂತೆ. ನನ್ನ ಕಾರೇ ತೆಗೆದೆ. ಅವಳು ಹಿಂದಿನ ಸೀಟಿನಲ್ಲಿ, ಮಾಸ್ತರರು ನನ್ನ ಪಕ್ಕ. ರಾತ್ರಿಯ ಹಿಮವನ್ನು ಇನ್ನೂ ಪೂರ್ತಿ ಬಳಿದಿರಲಿಲ್ಲ. ನೈಂಟಿ ಫೋರ್ ಹೆದ್ದಾರಿಯ ಮೇಲೆ ಮೂವತ್ತು ಮೈಲಿಯ ವೇಗದಲ್ಲಿ ಲಾರಿಯ ಹಿಂದೆ ಲಾರಿ. ಎರಡು ಎಕ್ಸಿಟ್ ದಾಟಿರಬಹುದು, ಮಾಸ್ತರರ ಕೈ ಸೀಟ್‌ಬೆಲ್ಟನ್ನು ಹಿಡಿಯಿತು. ಬೆರಳ ಗಂಟುಗಳು ಬಿಳುಚಿಕೊಂಡಿದ್ದವು. ಅವರನ್ನು ನೋಡಿದೆ. ಅವರು ಕಣ್ಣಲ್ಲೇ ಬೇಡ ಎಂದರು.

ಹಿಂದಿನಿಂದ ಮಗಳು, "ಅಪ್ಪಾ, ಯಾಕ ಸುಮ್ಮ ಕುಂತಿ? ಏನರ ಮಾತಾಡು, ನನಗ ಹೆದರಿಕಿ ಆಗತೈತಿ" ಎಂದಳು.

ಅವರು ಮಾತಾಡಿದರು. ಒಂದೊಂದು ವಾಕ್ಯಕ್ಕೂ ನಡುವೆ ಉಸಿರು ಹಿಡಿದು, ಕತೆ ಹೇಳುವವರು ಬೇಕೆಂದೇ ನಿಲ್ಲಿಸುತ್ತಾರಲ್ಲ, ಹಾಗೆ ನಟಿಸುತ್ತ. "ಆ ವಿಷ ಕುಡದ ಮುದುಕನ ತಾಯಿ... ಸೂಲಗಿತ್ತಿ ಇದ್ಲು, ಗೊತ್ತೈತೇನು? ಅಂವನೂ ನಾ ಸೂಲಗಿತ್ತಿ ಅಂತಿದ್ದ... ಮಂದಿ ತಲಿಯೊಳಗಿನ ವಿಚಾರ... ಹೆರಿಗಿ ಮಾಡಸ್ತೀನಿ ಅಂತಿದ್ದ. ನೋವು ಬಂದ್ರ ಹೆದರಬ್ಯಾಡ್ರಿ... ಒಳಗ ಏನೋ ಐತಿ ಅಂತ ಅರ್ಥ ಅಂತಿದ್ದ." ಮಗಳು ನಕ್ಕಳು. ನಾನು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದೆ. ಗಾಡಿ ನಿಲ್ಲಿಸಿ ಕಿರುಚಬೇಕೆನಿಸುತ್ತಿತ್ತು. ಹೋಗುತ್ತಿರುವುದೂ ಆಸ್ಪತ್ರೆಗೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ.

ಬಾಗಿಲಲ್ಲಿ ಅವಳನ್ನು ವೀಲ್‌ಚೇರಿನಲ್ಲಿ ಕೂರಿಸಿಕೊಂಡರು. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಮಾಸ್ತರರು ನೆಟ್ಟಗೆ ನಿಂತು ಕೈ ಬೀಸಿದರು, ನಕ್ಕರು. ಬಾಗಿಲು ಮುಚ್ಚಿತು. ಗೋಡೆ ಹಿಡಿದು ಹಾಗೇ ಕುಸಿದು ಕೂತರು.

ಆಮೇಲಿನದೆಲ್ಲ ಬಹಳ ಬೇಗ ಆಯಿತು. ಎಮರ್ಜೆನ್ಸಿಯವರು ಮಂಚಕ್ಕೆ ಹಾಕಿದರು, ವೈರು ಹಚ್ಚಿದರು, ಹೃದಯಾಘಾತ ಎಂದರು. ಔಷಧ ಶುರುವಾಯಿತು. ಇನ್ನೊಂದೆರಡು ರಿಪೋರ್ಟು ಬಂದ ಮೇಲೆ ಒಳಗೆ ಕರೆದೊಯ್ದು ರಕ್ತನಾಳ ತೆರೆಯುತ್ತೇವೆ ಎಂದರು. ಮಾಸ್ತರರಿಗೆ ಪೂರ್ತಿ ಎಚ್ಚರವಿತ್ತು. ಮೇಲೆ ಹೆರಿಗೆಗೆ ಸೇರಿರುವ ಮಗಳಿಗೆ ತಿಳಿಸಬಾರದು ಎಂದು ತಮ್ಮ ಬಾಯಿಂದಲೇ, ತಮ್ಮ ಪಾಠದ ಇಂಗ್ಲಿಷಿನಲ್ಲಿ, ಡಾಕ್ಟರಿಗೆ ಹೇಳಿದರು. ರೋಗಿಯ ಇಚ್ಛೆ ಎಂದು ಅವರು ಬರೆದುಕೊಂಡರು.

ಅಪ್ಪ ಕೆಳಗೆ, ಮಗಳು ಮೂರನೆಯ ಮಹಡಿಯಲ್ಲಿ. ನಾನು ಲಿಫ್ಟಿನಲ್ಲಿ. ಆಗಷ್ಟೇ ಗುಣವಾಗುತ್ತಿದ್ದ ಮಂಡಿಯ ಮೇಲೆ ಎಷ್ಟು ಸಲ ಹತ್ತಿದೆನೋ ಇಳಿದೆನೋ. ಮೇಲೆ ಹೋಗುವ ಮುಂಚೆ ಲಿಫ್ಟಿನ ಕನ್ನಡಿಯಲ್ಲಿ ಮುಖ ಸರಿಮಾಡಿಕೊಳ್ಳುತ್ತಿದ್ದೆ. ಅಪ್ಪ ಎಲ್ಲಿ ಎಂದು ಅವಳು ಕೇಳಿದರೆ, ಒಬ್ಬರನ್ನೇ ಒಳಗೆ ಬಿಡೋದಂತೆ ಎಂದೆ. ಎಷ್ಟು ಸಲೀಸಾಗಿ ಸುಳ್ಳು ಬಂತು ನನ್ನ ಬಾಯಿಂದ!

ಹನ್ನೊಂದರ ಸುಮಾರಿಗೆ ಅವಳೇ ಅಪ್ಪನ ಫೋನಿಗೆ ಮಾಡಿದಳು. ನಾನಾಗ ಕೆಳಗಿದ್ದೆ. ಎದೆಯ ತುಂಬ ವೈರು ಅಂಟಿಸಿಕೊಂಡ ಮಾಸ್ತರರು ಗಂಟಲು ಸರಿಮಾಡಿಕೊಂಡು ಫೋನ್ ಕಿವಿಗಿಟ್ಟುಕೊಂಡರು.

"ಕೆಳಗ ಚಾ ಕುಡಿಯಾಕತ್ತೇನಿ ಮಗಾ. ಇವರ ಚಾ ಅಂದ್ರ ಬಿಸಿನೀರು. ಬರತೀನಿ, ಬರತೀನಿ. ನೀ ಧೈರ್ಯಾ ತುಗೊ."

ಫೋನ್ ಇಟ್ಟರು. ಆಮೇಲೆ...

ಒಂದೂವರೆಗೆ ಅವಳ ಬಿ.ಪಿ. ಇಳಿಯುತ್ತಿಲ್ಲ, ಆಪರೇಷನ್ ಮಾಡಿ ತೆಗೆಯುತ್ತೇವೆ ಎಂದರು. ಎರಡೂಕಾಲಿಗೆ ಹೆಣ್ಣು ಕೂಸು ಹುಟ್ಟಿತು. ಇಬ್ಬರೂ ಚೆನ್ನಾಗಿದ್ದಾರೆ ಎಂದು ನರ್ಸು ಹೇಳಿದಾಗ ಅವಳ ಕೈ ಹಿಡಿದು ಗಳಗಳ ಅತ್ತೆ. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಓಡಿದೆ. ಮಾಸ್ತರರ ಮಂಚ ಖಾಲಿ ಇತ್ತು. ಅವಸರದಲ್ಲಿ ಒಳಗೆ ಕರೆದೊಯ್ದಿದ್ದರಂತೆ. ಗೋಡೆಗೆ ಆನಿಕೊಂಡು ನಿಂತೇ ಇದ್ದೆ. ಡಾಕ್ಟರು ಹೊರಗೆ ಬಂದು ತಲೆಯ ಟೋಪಿ ತೆಗೆದರು. ಹೆಣ್ಣು ಕೂಸು ಎಂಬುದು ಮಾಸ್ತರರಿಗೆ ಗೊತ್ತಾಗಲೇ ಇಲ್ಲ.

ಮಗಳಿಗೆ ಹೇಳಿದವಳು ನಾನೇ. ಅಳಿಯ ಕೆಂಟಕಿಯಿಂದ ಬರುವಷ್ಟರಲ್ಲಿ ಸಂಜೆಯಾಗಿತ್ತು. ಅವನ ಎದುರಿಗೆ, ಪಕ್ಕದಲ್ಲಿ ಕೂಸು ಮಲಗಿರುವಾಗ, ಗ್ಯಾಸಿನಿಂದ ಹಿಡಿದು ಎಲ್ಲ ಹೇಳಿದೆ. ಅವಳು ಕಿರುಚಲಿಲ್ಲ, ಅಳಲಿಲ್ಲ. "ಮೂರು ಮಹಡಿ, ಅಕ್ಕಾ" ಎಂದಳು. "ಒಂದು ಮಾತು ಹೇಳಿದ್ರ ನನ್ನ ಖುರ್ಚಿ ನೂಕ್ಕೊಂಡು ಕೆಳಗ ಒಯ್ತಿದ್ರು. ಮುಂಜಾನಿಂದ ಸುಮ್ಮನ ಮಲಗಿದ್ನಲ್ಲ." ಆಮೇಲೆ ಗೋಡೆಯ ಕಡೆ ತಿರುಗಿ, "ಕಡೀ ಹೊತ್ತಿನಾಗ ಅಪ್ಪಗ ನಾ ಬ್ಯಾಡಾದ್ನಾ?" ಎಂದಳು. ಅವಳ ಗಂಡ ನನ್ನನ್ನು ಹೊರಗೆ ಕಳಿಸಿದ.

ಮಾಸ್ತರರು ಮಾಡಿಟ್ಟಿದ್ದ ಅಂಟಿನ ಉಂಡಿ ಎರಡು ಡಬ್ಬಿ ಇತ್ತು. ನೋಟ್‌ಬುಕ್ ನೋಡಿಕೊಂಡು ನಾನು ಬಾಣಂತನ ಮಾಡುತ್ತೇನೆಂದು ಹೋದೆ. ಬಾಗಿಲು ತೆಗೆಯಲಿಲ್ಲ. ಮೂರು ತಿಂಗಳಿಗೆ ಗಂಡ ಹೆಂಡತಿ ಮನೆ ಬದಲಾಯಿಸಿದರು. ವರ್ಷ ತುಂಬುವುದರೊಳಗೆ ನಾವೂ ಶಿಕಾಗೋ ಕಡೆಗೆ ಬಂದೆವು. ಬೇರೆ ಕೆಲಸ ಸಿಕ್ಕಿತು ಎಂದು ಎಲ್ಲರಿಗೂ ಹೇಳಿದ್ದೇನೆ.

ಇಲ್ಲಿಯವರೆಗೆ ಒಂದು ಮಾತನ್ನು ಬಿಟ್ಟೇ ಬರೆದೆ. ಅವತ್ತು ಅವಳಿಗೆ ಎಲ್ಲ ಹೇಳಿದೆ ಎಂದೆನಲ್ಲ, ಎಲ್ಲ ಹೇಳಿರಲಿಲ್ಲ. ಗಂಡನಿಗೂ ಹೇಳಿಲ್ಲ. ಶನಿವಾರ ಆ ಬೆಂಚಿನ ಮೇಲೆ ಕೂತಾಗ ಇನ್ನು ಹೊತ್ತುಕೊಂಡು ತಿರುಗಲಾರೆ ಅನಿಸಿತು. ಭಾನುವಾರ ಮಧ್ಯಾಹ್ನ ಅವಳ ಹಳೆಯ ನಂಬರಿಗೆ ಫೋನ್ ಮಾಡಿದೆ. ಅದೇ ನಂಬರು ಇತ್ತು. ನಾನು ಎಂದು ತಿಳಿದೂ ಅವಳು ಫೋನ್ ಇಡಲಿಲ್ಲ. ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವತ್ತು ಚಾ ಕುಡಿಯುತ್ತಿದ್ದೇನೆ ಎಂದು ಫೋನ್ ಇಟ್ಟ ಮೇಲೆ ಮಾಸ್ತರರು ಅತ್ತರು. ಚಿಕ್ಕ ಮಕ್ಕಳ ಹಾಗೆ, ಬಾಯಿ ತೆರೆದು. ನನ್ನ ಸ್ವೆಟರಿನ ತುದಿಯನ್ನೇ ಸೆರಗಿನಂತೆ ಹಿಡಿದು, "ಆಕಿನ್ನ ಒಮ್ಮೆ ನೋಡಬೇಕು ತಂಗಿ. ಹೋಗು, ಹೇಳಿಬಿಡು, ಕರಕೊಂಡು ಬಾ" ಎಂದರು. ಸ್ಪಷ್ಟವಾಗಿ ಹೇಳಿದರು. ನಾನು ಅವರ ಕಣ್ಣೊರೆಸಿ, "ಇನ್ನೆರಡು ಗಂಟೆ ತಡ್ಕೊಳ್ಳಿ ಮಾಸ್ತರೇ. ಮಗು ಹುಟ್ಟಲಿ. ನೀವೇ ಹೇಳಿದ್ದಲ್ವಾ? ಈಗ ಹೀಗೆ ಅಳಬಾರದು" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ಹೌದು, ಹೌದು. ನಾನ ಹೇಳಿದ್ದು" ಎಂದು ಸ್ವೆಟರು ಬಿಟ್ಟರು. ಮತ್ತೆ ಕೇಳಲಿಲ್ಲ.

ಹೇಳಿ ಮುಗಿಸಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಅಂದ್ರ... ಅಪ್ಪ ನನ್ನ ಕೇಳಿದ್ರು?"

"ಕೇಳಿದ್ರು ಕಣೇ. ನಾನೇ ತಡೆದೆ."

ಅವಳು ಅತ್ತಳು. ಆಸ್ಪತ್ರೆಯಲ್ಲಿ ಅಳದವಳು, ಐದು ವರ್ಷದ ಮೇಲೆ, ನನ್ನ ಕಿವಿಯಲ್ಲಿ. ನಾನು ಕ್ಷಮಿಸು ಎನ್ನಲಿಲ್ಲ. ಅಷ್ಟರಲ್ಲಿ ಅವಳ ಹಿಂದಿನಿಂದ ಒಂದು ಪುಟ್ಟ ಧ್ವನಿ ಕೇಳಿಸಿತು. "ಹೂ ಈಸ್ ಇಟ್, ಅಮ್ಮಾ? ವೈ ಆರ್ ಯೂ ಕ್ರೈಯಿಂಗ್?"

ಅವಳು ಮೂಗು ಸೇದಿಕೊಂಡಳು. "ನಿಮ್ಮ ಅಜ್ಜಾರ ಸ್ಟೂಡೆಂಟ್" ಎಂದು ಮಗಳಿಗೆ ಹೇಳಿದಳು. ನನಗೆ ಏನೂ ಹೇಳದೆ ಫೋನ್ ಇಟ್ಟಳು.